ಅಳಿಯನ ಜ್ವರದ ಕಾಲನಿರ್ಣಯ

ಕಾಲನಿರ್ಣಯದ ವಿಷಯದಲ್ಲಿ ನನ್ನನ್ನು ಮೀರಿಸುವವರು ಬಸವೇಶ್ವರನಗರದಲ್ಲಿ ಯಾರೂ ಇಲ್ಲವೆಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಸೇವೆಯಲ್ಲಿದ್ದಷ್ಟು ಕಾಲವೂ ಶಾಸನಗಳನ್ನು ಓದುವುದು, ವಿದ್ಯಾರ್ಥಿಗಳಿಗೆ ಓದಿಸುವುದು, ಇದೇ ನನ್ನ ಕೆಲಸ. ಕಲ್ಲಿನ ಮೇಲೆ ಶಕವರ್ಷ, ತಿಥಿ, ವಾರ ಕೆತ್ತಿರುತ್ತಾರೆ. ಮೂರೂ ಒಂದಕ್ಕೊಂದು ತಾಳೆಯಾದರೆ ಮಾತ್ರ ನಂಬುತ್ತೇನೆ. ಇಲ್ಲವಾದರೆ ಕೆತ್ತಿಸಿದವನು ಚಕ್ರವರ್ತಿಯೇ ಆಗಿದ್ದರೂ ಅನುಮಾನಿಸುತ್ತೇನೆ. ನಿವೃತ್ತನಾದ ಮೇಲೆ ಈ ಅಭ್ಯಾಸ ಮನೆಯೊಳಕ್ಕೆ ನುಗ್ಗಿತು. ಹಾಲಿನ ಪ್ಯಾಕೆಟ್ಟಿನ ಮೇಲಿನ ದಿನಾಂಕವಾಗಲಿ, ನೆಂಟರು ತರುವ ಸಾವಿನ ಸುದ್ದಿಯಾಗಲಿ, ಪರಿಶೀಲಿಸದೆ ಒಪ್ಪಿದವನಲ್ಲ. "ಸತ್ತವರು ನಿಮ್ಮನ್ನ ಕೇಳ್ಕೊಂಡು ಸಾಯ್ಬೇಕಿತ್ತು" ಎಂದು ನನ್ನ ಹೆಂಡತಿ ಗಿರಿಜೆ ಒಮ್ಮೆ ಹೇಳಿದ್ದುಂಟು.

ಇಂಥ ನನಗೆ ಅಳಿಯನಿಗೆ ಜ್ವರ ಬಂದ ಕಾಲವನ್ನು ನಿರ್ಧರಿಸುವುದು ಯಾವ ಮಹಾ ಕೆಲಸ!

ವಿಷಯ ಮಾತ್ರ ಹಗುರವಾದದ್ದಲ್ಲ. ನಮ್ಮ ಒಬ್ಬಳೇ ಮಗಳು ಶೈಲಾ ಮತ್ತು ಅಳಿಯ ನಂದೀಶ ಚಂದ್ರಾ ಲೇಔಟಿನಲ್ಲಿದ್ದಾರೆ. ನಂದೀಶನಿಗೆ ಲಗ್ಗೆರೆಯಲ್ಲಿ ಪ್ಲೈವುಡ್ ಅಂಗಡಿ. ಮದುವೆಯಾಗಿ ಕೆಲವು ವರ್ಷಗಳಾದರೂ ಮಕ್ಕಳಾಗಿರಲಿಲ್ಲ. ವಾಡಿಕೆಯಂತೆ ಮೊದಲು ಎಲ್ಲರ ಕಣ್ಣು ಬಿದ್ದದ್ದು ನನ್ನ ಮಗಳ ಮೇಲೆ. ರಕ್ತ ಕೊಟ್ಟಳು, ಸ್ಕ್ಯಾನಿಂಗ್ ಮಾಡಿಸಿದಳು, ಬೀಗರ ಕಡೆಯ ಹಿರಿಯ ಹೆಂಗಸರು ಹೇಳಿದ ಕಷಾಯಗಳನ್ನೆಲ್ಲ ಮರುಮಾತಿಲ್ಲದೆ ಕುಡಿದಳು. ಅವಳಲ್ಲಿ ಯಾವ ದೋಷವೂ ಕಾಣದಿದ್ದಾಗ, ಅವರು ತೋರಿಸುತ್ತಿದ್ದ ವೈದ್ಯರು ನಂದೀಶನಿಗೆ ವೀರ್ಯಪರೀಕ್ಷೆ ಬರೆದುಕೊಟ್ಟರು. ವರದಿ ಬಂತು. ವೀರ್ಯಾಣುಗಳ ಸಂಖ್ಯೆ ಕಡಿಮೆ, ಚಲನೆಯೂ ಮಂದ.

ಅಂದಿನಿಂದ ನಂದೀಶ ಮಾತು ನಿಲ್ಲಿಸಿದ. ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬರುವುದೂ ನಿಂತಿತು. ಕೊನೆಗೊಂದು ದಿನ ಶೈಲಾ ಒಬ್ಬಳೇ ಬಂದು ಅಡುಗೆಮನೆಯಲ್ಲಿ ತಾಯಿಯೊಡನೆ ಕುಳಿತಳು. ನಡುಮನೆಯಲ್ಲಿದ್ದ ನನಗೆ ಎಲ್ಲವೂ ಕೇಳಿಸುತ್ತಿತ್ತು.

"ಕೊರೊನಾ ಬಂದು ನನ್ನ ಮುಗಿಸ್ಬಿಡ್ತು ಅಂತಾರಮ್ಮ. ಇನ್ನೊಂದ್ ಸಲ ಟೆಸ್ಟ್ ಮಾಡಿಸೋಣ ಅಂದ್ರೆ ಬರಲ್ಲ. ನಿನಗಿನ್ನೂ ವಯಸ್ಸಿದೆ, ನೀನು ಬೇರೆ ದಾರಿ ನೋಡ್ಕೋ ಅಂತಾರೆ."

"ಹಂಗಂದ್ರಾ? ಜಗಳ ಆಡಿದ್ರೇನೇ?"

"ಜಗಳ ಆಡಿ ಅಂದಿದ್ರೆ ಪರವಾಗಿರ್ಲಿಲ್ಲ. ನಿಧಾನಕ್ಕೆ ಅಂದ್ರು. ಗಿರಾಕಿಗೆ ಮಾಲಿಲ್ಲ ಅಂತ ಹೇಳೋ ಹಾಗೆ."

ಆಮೇಲೆ ಅಡುಗೆಮನೆಯಿಂದ ಬಿಕ್ಕುವ ಸದ್ದು ಬಂತು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಅಳುವ ಮಗಳ ತಲೆ ಸವರಲು ಎದ್ದುಹೋಗುವುದು ತಂದೆಯಾದವನ ಧರ್ಮ. ನಾನು ಎದ್ದುಹೋದದ್ದು ನಿಜ. ಆದರೆ ನನ್ನ ಬಾಯಿಂದ ಹೊರಟ ಮಾತು ಬೇರೆ!

"ಶೈಲಾ, ಜ್ವರ ಬಂದದ್ದು ಯಾವಾಗ? ಪರೀಕ್ಷೆ ನಡೆದದ್ದು ಯಾವಾಗ?"

ತಾಯಿ ಮಗಳಿಬ್ಬರೂ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವಿವರಿಸುವುದಿಲ್ಲ.

ಜ್ವರ ಗೌರಿಹಬ್ಬಕ್ಕೆ ಮೊದಲು ಬಂತೆಂದು ಗಿರಿಜೆ. ಹಬ್ಬವಾದ ಮೇಲೆಂದು ಶೈಲಾ. ಈಗ ಕೊರೊನಾ ಯಾರೂ ಲೆಕ್ಕಕ್ಕಿಡದ ಕಾಯಿಲೆ. ಎರಡು ದಿನ ಮಲಗುತ್ತಾರೆ, ಮಾತ್ರೆ ನುಂಗುತ್ತಾರೆ, ಮರೆಯುತ್ತಾರೆ. ಆದ್ದರಿಂದ ನಾನು ಒಳಗಿನ ಸಾಕ್ಷ್ಯದ ಮೊರೆಹೋದೆ. ಗಣೇಶನ ಹಬ್ಬದ ಊಟದಲ್ಲಿ ಗಿರಿಜೆ ಸಾರಿಗೆ ಉಪ್ಪು ಹಾಕುವುದನ್ನು ಮರೆತಿದ್ದಳು. ಉಪ್ಪು ಒಂದು ಹರಳು ಕಡಿಮೆಯಾದರೂ "ಅತ್ತೆ, ಸ್ವಲ್ಪ..." ಎನ್ನುವ ಅಳಿಯ ಅಂದು ಆ ಸಾರನ್ನು ಎರಡು ಸಲ ಹಾಕಿಸಿಕೊಂಡು ಮೌನವಾಗಿ ಉಂಡಿದ್ದ. ನಾಲಗೆಗೆ ರುಚಿ ಇನ್ನೂ ಮರಳಿರಲಿಲ್ಲ! ಅಂದರೆ ಜ್ವರ ಹಬ್ಬಕ್ಕೆ ಮೊದಲೇ ಬಂದು ಹೋಗಿತ್ತು.

"ನಾನು ಉಪ್ಪು ಹಾಕಿದ್ದೆ" ಎಂದಳು ಗಿರಿಜೆ.

"ಇಲ್ಲಮ್ಮ, ಹಾಕಿರ್ಲಿಲ್ಲ" ಎಂದಳು ಶೈಲಾ, ಕಣ್ಣೊರೆಸಿಕೊಳ್ಳುತ್ತ.

ಪರೀಕ್ಷೆ ನಡೆದದ್ದು ಆಯುಧಪೂಜೆಗೆಂದು ಅಂಗಡಿ ತೊಳೆಯುತ್ತಿದ್ದ ವಾರದಲ್ಲಿ. ಎರಡರ ನಡುವಿನ ಅಂತರ ತಿಂಗಳ ಮೇಲೆ ಸ್ವಲ್ಪ. ನಾನು ಈ ವಿಷಯದ ಲೇಖನಗಳನ್ನು ಓದತೊಡಗಿದೆ. ವೀರ್ಯಾಣು ರಾತ್ರೋರಾತ್ರಿ ಹುಟ್ಟುವುದಲ್ಲ. ಹುಟ್ಟಿ ಬಲಿತು ಹೊರಬರಲು ಸುಮಾರು ಮೂರು ತಿಂಗಳು ಹಿಡಿಯುತ್ತದೆ. ಜ್ವರದ ಕಾವಿನಲ್ಲಿ ಅರ್ಧ ಬೆಳೆದವು ಪೆಟ್ಟು ತಿನ್ನುತ್ತವೆ. ಕೊರೊನಾ ಬಂದ ಗಂಡಸರಲ್ಲಿ ಕೆಲವರಿಗೆ ಹೀಗೆ ಸಂಖ್ಯೆ ಇಳಿದು, ಬಹುಪಾಲು ಮಂದಿಗೆ ಕೆಲವು ತಿಂಗಳಲ್ಲಿ ಸುಧಾರಿಸುತ್ತದೆಂದು ತಿಳಿದವರು ಬರೆದಿದ್ದರು. ಅಂದಮೇಲೆ ಆ ವರದಿ ಹೇಳುತ್ತಿದ್ದದ್ದು ನಂದೀಶನ ವಿಷಯವನ್ನಲ್ಲ, ಜ್ವರದ ವಿಷಯವನ್ನು! ನಿರ್ಣಯದ ಸೊಗಸಿಗೆ ನಾನೇ ತಲೆದೂಗಿದೆ.

"ಹಾಗಿದ್ರೆ ಹೋಗಿ ಅವರಿಗೆ ಹೇಳ್ರೀ" ಎಂದಳು ಗಿರಿಜೆ.

ತೊಡಕಿದ್ದದ್ದೇ ಅಲ್ಲಿ. ನಮ್ಮ ಮನೆತನದಲ್ಲಿ ಮಾವ ಅಳಿಯಂದಿರ ಮಾತುಕತೆಗೆ ಒಂದು ಎಲ್ಲೆ ಇದೆ. ಅವನು ಬಂದರೆ ನಾನು ಎದ್ದು ಫ್ಯಾನಿನ ಕೆಳಗಿನ ಕುರ್ಚಿ ಬಿಟ್ಟುಕೊಡುತ್ತೇನೆ. ಅವನು ನನ್ನೆದುರು ಕಾಲ ಮೇಲೆ ಕಾಲು ಹಾಕುವುದಿಲ್ಲ. ಮಳೆ, ಮೆಟ್ರೋ, ಸಿಮೆಂಟಿನ ದರ, ಇಷ್ಟು ಮುಗಿದರೆ ಇಬ್ಬರೂ ಟಿವಿ ನೋಡುತ್ತೇವೆ. ಇಂಥ ಇಬ್ಬರ ನಡುವೆ ವೀರ್ಯಾಣುವೆಂಬ ಶಬ್ದ ಯಾವ ಬಾಗಿಲಿನಿಂದ ಪ್ರವೇಶಿಸಬೇಕು? ಮೊದಲು ತಜ್ಞರೊಬ್ಬರಿಂದ ನನ್ನ ಕಾಲನಿರ್ಣಯಕ್ಕೆ ಒಪ್ಪಿಗೆ ಪಡೆಯುವುದೆಂದೂ, ಅಳಿಯನ ಹೆಸರನ್ನು ಎಲ್ಲಿಯೂ ಎತ್ತಕೂಡದೆಂದೂ ತೀರ್ಮಾನಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ರಾಜಾಜಿನಗರದ ಒಂದು ಬಂಜೆತನ ಚಿಕಿತ್ಸಾ ಕೇಂದ್ರಕ್ಕೆ ಹೋದೆ.

ಕೌಂಟರಿನಲ್ಲಿ ಒಬ್ಬ ಹುಡುಗಿ ಕುಳಿತಿದ್ದಳು.

"ಪೇಷೆಂಟ್ ಯಾರು ಸಾರ್?"

"ಒಬ್ಬ ವ್ಯಕ್ತಿ."

"ನಿಮಗೆ ಏನಾಗ್ಬೇಕು ಅವರು?"

ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ನಿಜ ಹೇಳಲು ಅಧಿಕಾರವಿಲ್ಲ. "ಬಹಳ ಹತ್ತಿರದವರು" ಎಂದೆ.

ಅವಳ ದನಿ ತಗ್ಗಿತು. "ಸಾರ್, ಇಲ್ಲಿಗೆ ಬರೋ ಗಂಡಸ್ರೆಲ್ಲ ಫ್ರೆಂಡಿಗೆ ಅಂತಾನೇ ಬರೋದು. ಏನೂ ಸಂಕೋಚ ಪಡ್ಬೇಡಿ. ನಿಮ್ಮ ಹೆಸರು ಹೇಳಿ."

"ವಿರೂಪಾಕ್ಷಪ್ಪ."

"ಏಜು?"

"ಅರವತ್ತೆಂಟು."

"ಮಿಸೆಸ್ ಬಂದಿದಾರಾ?"

"ಆಕೆಗೂ ಇದಕ್ಕೂ ಏನೂ ಸಂಬಂಧವಿಲ್ಲ!"

ಕೀಲಿಮಣೆಯ ಮೇಲೆ ಓಡುತ್ತಿದ್ದ ಅವಳ ಬೆರಳುಗಳು ಒಂದು ಕ್ಷಣ ನಿಂತವು. ಮತ್ತೆ ಓಡಿದವು.

ಒಳಗಿದ್ದ ವೈದ್ಯೆ ನಡುವಯಸ್ಸಿನವರು, ಗಂಭೀರ ಸ್ವಭಾವದವರು. ನನ್ನ ಪೀಠಿಕೆಯನ್ನೂ ಉಪ್ಪಿಲ್ಲದ ಸಾರಿನ ಸಾಕ್ಷ್ಯವನ್ನೂ ತಾಳ್ಮೆಯಿಂದ ಕೇಳಿದರು. "ನಿಮ್ಮ ಲೆಕ್ಕ ಸರಿಯಾಗಿದೆ. ಜ್ವರ ಬಂದು ಮೂರು ತಿಂಗಳೊಳಗೆ ಕೊಟ್ಟ ಸ್ಯಾಂಪಲ್ ನಂಬೋ ಹಾಗಿಲ್ಲ. ಒಂದೇ ರಿಪೋರ್ಟ್ ನೋಡಿ ತೀರ್ಮಾನ ಮಾಡೋದೂ ತಪ್ಪು. ಮತ್ತೆ ಟೆಸ್ಟ್ ಮಾಡಿಸ್ಬೇಕು" ಎಂದರು. "ಆದ್ರೆ ಇದೆಲ್ಲ ಕೊರೊನಾದಿಂದಾನೇ ಆಗಿದ್ದು ಅಂತ ಈಗ್ಲೇ ಹೇಳಕ್ಕಾಗಲ್ಲ" ಎಂದೂ ಸೇರಿಸಿದರು. ಈ ಕೊನೆಯ ವಾಕ್ಯ ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ತಮ್ಮ ವಾದಕ್ಕೆ ಬೇಕಾದ ಸಾಲು ಸಿಕ್ಕಿದೊಡನೆ ಓದು ನಿಲ್ಲಿಸುವ ವಿದ್ವಾಂಸರನ್ನು ನಾನು ಬೇಕಾದಷ್ಟು ಟೀಕಿಸಿದ್ದೇನೆ. ಅಂದು ಆ ಬಳಗಕ್ಕೆ ಸೇರಿದೆ.

ಏಳುವಾಗ ಅವರು ನನ್ನ ಕೈಗೆ ಒಂದು ಚೀಟಿ ಕೊಟ್ಟು, ಸಮಾಧಾನದ ದನಿಯಲ್ಲಿ ಹೇಳಿದರು: "ನಿಮ್ಮ ವಯಸ್ಸಿಗೆ ಸ್ವಲ್ಪ ಕಷ್ಟ. ಆದ್ರೆ ಆಗೋದೇ ಇಲ್ಲ ಅಂತಲ್ಲ."

ಅದರ ಅರ್ಥ ಹೊಳೆಯುವಷ್ಟರಲ್ಲಿ ನಾನು ಕೌಂಟರಿನ ಮುಂದೆ ನಿಂತಿದ್ದೆ. ಚೀಟಿ ಪಡೆದ ಹುಡುಗಿ ಬಿಳಿ ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ನನ್ನ ಕೈಯಲ್ಲಿಟ್ಟಿದ್ದಳು. ಅದರ ಮೇಲೆ ನನ್ನ ಹೆಸರೂ ವಯಸ್ಸೂ ಸ್ಪಷ್ಟವಾಗಿ ಅಚ್ಚಾಗಿದ್ದವು. ಶಾಸನವಾಗಿದ್ದರೆ ದೋಷವಿಲ್ಲದ ಪಾಠವೆನ್ನುತ್ತಿದ್ದೆ!

ಆಗಲೇ ಮೆಟ್ಟಿಲು ಹತ್ತಿ ಬಂದರು ಚಿಕ್ಕಣ್ಣನವರು. ಇವರು ನಮ್ಮ ರಸ್ತೆಯವರೇ. ಈಗ ಬಡಾವಣೆಯಾಗಿರುವ ನೆಲದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದ ಮನೆತನ. ಈಗ ನಾಲ್ಕಾರು ಕಟ್ಟಡಗಳಿವೆ. ಈ ಕೇಂದ್ರ ಇದ್ದದ್ದೂ ಅವರದೇ ಕಟ್ಟಡದಲ್ಲಿ. ಸೋರುತ್ತಿದ್ದ ನೀರಿನ ಪೈಪು ನೋಡಲು ಬಂದಿದ್ದರು.

"ಏನ್ ಸಾರ್, ತಾವು ಇಲ್ಲಿ?"

ಅಳಿಯನಿಗೆಂದು ಒಂದೇ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಚಿಕ್ಕಣ್ಣನವರು ಪ್ಲೈವುಡ್ ಕೊಳ್ಳುತ್ತಿದ್ದದ್ದು ನಂದೀಶನ ಅಂಗಡಿಯಲ್ಲಿ. "ಒಂದು ಸಣ್ಣ ಸಂಶೋಧನೆ" ಎಂದುಬಿಟ್ಟೆ.

ಅವರು ಡಬ್ಬಿಯನ್ನು ನೋಡಿದರು. ಅದರ ಮೇಲಿನ ಬರಹವನ್ನು ಓದಿದರು. ಮತ್ತೆ ನನ್ನ ಮುಖ ನೋಡಿದರು.

"ರಿಟೈರ್ ಆದ್ಮೇಲೂನಾ ಸಾರ್!"

ವಾರ ಕಳೆಯುವುದರೊಳಗೆ ಪಾರ್ಕಿನಲ್ಲಿ ನನ್ನ ಸ್ಥಾನಮಾನ ಬದಲಾಯಿತು. ಮುಂಜಾನೆ ನಾನು ಹತ್ತಿರ ಬಂದೊಡನೆ ನಗು ನಿಂತು, ಎಲ್ಲರೂ ವಿನಾಕಾರಣ ಮರಗಳನ್ನು ನೋಡತೊಡಗಿದರು. ಒಬ್ಬರು ನೆನೆಸಿದ ಬಾದಾಮಿ ತಂದುಕೊಟ್ಟರು. ಚಿಕ್ಕಣ್ಣನವರು ನನ್ನನ್ನು ಪಕ್ಕಕ್ಕೆ ಕರೆದು ಧೈರ್ಯ ಹೇಳಿದರು.

"ತಲೆ ಕೆಡಿಸ್ಕೋಬೇಡಿ ಸಾರ್. ನಮ್ಮ ತಾತನಿಗೆ ಕೊನೇ ಮಗ ಹುಟ್ಟಿದ್ದು ಎಪ್ಪತ್ತರಲ್ಲಿ. ಮುದ್ದೆ ತಿಂತಿದ್ರು. ತಾವು ಬರೀ ಚಪಾತಿ ತಿಂದ್ರೆ ಹೆಂಗೆ?"

"ಎಪ್ಪತ್ತು ಎಂಬುದಕ್ಕೆ ಆಧಾರವೇನು?" ಎಂದು ನಾನು ಕೇಳಿದೆ. ಕೇಳಬಾರದಿತ್ತು! ಆಸಕ್ತಿ ಇದೆಯೆಂಬುದಕ್ಕೆ ಅದೇ ಸಾಕ್ಷಿಯಾಯಿತು.

ಅಂದು ಸಂಜೆ ಗಿರಿಜೆ ತರಕಾರಿ ಚೀಲವನ್ನು ನೆಲಕ್ಕೆ ಕುಕ್ಕಿದಳು.

"ಏನ್ರೀ ಮಾಡಿದೀರಿ? ಗಾಡಿ ಹತ್ರ ಮೂರು ಜನ ನನ್ನ ಕೈ ಹಿಡ್ಕೊಂಡು, ಈ ವಯಸ್ಸಲ್ಲಿ ನಿಮಗ್ಯಾಕೆ ಗಿರಿಜಕ್ಕ ಈ ಕಷ್ಟ ಅಂತ ಅಳೋ ಹಾಗೆ ಆದ್ರು! ಯಾವ ಕಷ್ಟ? ಒಬ್ಬಳಂತೂ, ನೀವು ಒಪ್ಪಲೇ ಬೇಡಿ ಅಂದ್ಲು. ಏನಕ್ಕೆ ಒಪ್ಪಬಾರ್ದು ನಾನು?"

ನಾನು ಕೌಂಟರಿನಿಂದ ಆರಂಭಿಸಿ ಬಾದಾಮಿಯವರೆಗೆ ಕ್ರಮವಾಗಿ ನಿವೇದಿಸಿದೆ. ಆಕೆ ತಲೆಯ ಮೇಲೆ ಕೈಹೊತ್ತು ಕುಳಿತಳು.

"ನಾಳೆ ಬೆಳಿಗ್ಗೆ ಹೋಗಿ ಅಳಿಯನಿಗೋಸ್ಕರ ಅಂತ ಹೇಳ್ಬಿಡಿ. ಪಾರ್ಕಲ್ಲೇ ಹೇಳಿ. ಗಟ್ಟಿಯಾಗಿ ಹೇಳಿ."

"ಆಗಲಿ."

ಅವಳು ಬೀನ್ಸ್ ಸೋಸತೊಡಗಿದಳು. ಅರ್ಧ ಮುಗಿದಾಗ ಕೈ ನಿಂತಿತು.

"ಬೇಡ ರೀ" ಎಂದಳು. "ಲಗ್ಗೆರೆವರೆಗೂ ಹೋಗುತ್ತೆ. ಅಂಗಡೀಲಿ ಕೆಲಸದವರ ಮುಂದೆ ತಲೆ ಎತ್ತಿ ನಿಲ್ಬೇಕಲ್ಲ ಅವರು. ಈಗ್ಲೇ ಅವಳನ್ನ ಬಿಡೋ ಮಾತಾಡ್ತಿದಾರೆ, ಆಮೇಲೆ ಬಿಟ್ಟೇ ಬಿಡ್ತಾರೆ. ನಮ್ಮನ್ನ ನೋಡಿ ನಕ್ರೆ ನಗ್ಲಿ. ನಮಗೇನು, ಇನ್ನು ಹೆಣ್ಣು ನೋಡ್ಬೇಕಾ, ಗಂಡು ನೋಡ್ಬೇಕಾ?"

ಹೀಗೆ ನಾವು ಮೌನವಾದೆವು. ಪಾರ್ಕಿಗೆ ಹೋಗುವುದನ್ನು ನಾನು ಬಿಡಲಿಲ್ಲ. ಬಿಟ್ಟರೆ ಚಿಕಿತ್ಸೆ ಶುರುವಾಯಿತೆಂದು ಭಾವಿಸುತ್ತಿದ್ದರು.

ಆದರೆ ಸುದ್ದಿ ಲಗ್ಗೆರೆಗೆ ಬೇರೆ ದಾರಿಯಿಂದ ಹೋಯಿತು. ಹಲಗೆ ಕೊಳ್ಳಲು ಹೋದ ಚಿಕ್ಕಣ್ಣನವರು ಸದ್ಭಾವನೆಯಿಂದಲೇ ನಂದೀಶನಿಗೆ ಹೇಳಿದರಂತೆ: "ನಿಮ್ಮ ಮಾವನವರಿಗೆ ಸ್ವಲ್ಪ ನೀವಾದ್ರೂ ಬುದ್ಧಿ ಹೇಳಿ."

ಅಂದು ಸಂಜೆ ನಂದೀಶ ನಮ್ಮ ಮನೆಗೆ ಬಂದ. ನಾನು ಎದ್ದು ಕುರ್ಚಿ ಬಿಟ್ಟೆ. ಅವನು ಕೂರಲಿಲ್ಲ. ಅಂಗಿಯ ಮೇಲೆ ಮರದ ಹೊಟ್ಟು ಹಾಗೆಯೇ ಇತ್ತು.

"ಮಾವ, ಒಂದು ಮಾತು ಕೇಳ್ಬೋದಾ?"

"ಕೇಳಿ."

"ನನ್ನಿಂದ ಮಗು ಆಗಲ್ಲ ಅಂತ... ಮನೆಗೊಂದು ಮಗು ಬೇಕು ಅಂತ... ಅದಕ್ಕೆ ನೀವೇ..." ಮುಂದಿನ ಮಾತು ಅವನಿಗೆ ಹೊರಡಲಿಲ್ಲ.

ಅಡುಗೆಮನೆಯಲ್ಲಿ ಒಂದು ತಟ್ಟೆ ಬಿತ್ತು. ಗಿರಿಜೆ ಸೆರಗನ್ನು ಬಾಯಿಗೊತ್ತಿಕೊಂಡು ಹಿತ್ತಲಿಗೆ ಓಡಿದಳು. ನನಗೆ ನಗು ಬರಲಿಲ್ಲ. ಇಷ್ಟೆತ್ತರದ ಮನುಷ್ಯ ತನ್ನಿಂದ ನಮಗೆ ಅನ್ಯಾಯವಾಯಿತೆಂದು ನಂಬಿ ನಿಂತಿದ್ದ. ಅಂದು ನಾನು ಮನೆತನದ ಎಲ್ಲೆ ದಾಟಿದೆ. ಆ ಶಬ್ದವನ್ನು ಉಚ್ಚರಿಸಿದೆ! ಒಮ್ಮೆ ಉಚ್ಚರಿಸಿದ ಮೇಲೆ ನಿಲ್ಲಿಸಲಾಗಲಿಲ್ಲ. ಗೌರಿಹಬ್ಬ, ಸಾರು, ಆಯುಧಪೂಜೆ, ಮೂರು ತಿಂಗಳು, ಎಲ್ಲವನ್ನೂ ಆಧಾರಸಹಿತ ಮಂಡಿಸಿದೆ. "ಇದು ಕೊರೊನಾದ್ದೇ ಕೆಲಸ. ಕಾರ್ತಿಕ ಕಳೆದ ಮೇಲೆ ಮತ್ತೆ ಪರೀಕ್ಷಿಸಿದರೆ ಎಲ್ಲವೂ ಸರಿಹೋಗಿರುತ್ತದೆ, ಇದರಲ್ಲಿ ಸಂಶಯವೇ ಇಲ್ಲ" ಎಂದು ಮುಗಿಸಿದೆ. ವೈದ್ಯೆಯೇ ಹೇಳದಿದ್ದ ಮಾತನ್ನು ನಾನು ಹೇಳಿದೆ. ಪ್ರಾಚೀನ ರಾಜರ ವಿಷಯದಲ್ಲಿ ಇಷ್ಟು ಧೈರ್ಯ ನನಗೆಂದೂ ಬಂದಿರಲಿಲ್ಲ.

ನಂದೀಶ ನಿಧಾನವಾಗಿ ಕುರ್ಚಿಯಲ್ಲಿ ಕುಳಿತ.

"ಹಾಗಾದ್ರೆ ಅವತ್ತೇ ಚಿಕ್ಕಣ್ಣನವರ ಹತ್ರ, ಇದು ನಮ್ಮ ಅಳಿಯನಿಗೆ ಅಂದಿದ್ರೆ ಮುಗೀತಿತ್ತಲ್ಲ ಮಾವ. ಯಾಕೆ ಹೇಳ್ಲಿಲ್ಲ?"

"ಡಬ್ಬಿಯ ಮೇಲೆ ನನ್ನ ಹೆಸರಿತ್ತು" ಎಂದೆ.

ಅವನು ತಲೆ ತಗ್ಗಿಸಿ ಅಂಗಿಯ ಹೊಟ್ಟನ್ನು ಕೊಡವಿಕೊಂಡ. ಬಹಳ ಹೊತ್ತು ಕೊಡವಿಕೊಂಡ. ಆಮೇಲೆ, "ಕಾರ್ತಿಕ ಆದ್ಮೇಲೆ ಹೋಗ್ತೀನಿ ಬಿಡಿ" ಎಂದ.

ಇಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಈ ಬರಹಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಆದರೆ ಗೆಲುವಿನ ರುಚಿ ಹತ್ತಿತ್ತು! ದಿನ ಬಿಟ್ಟು ದಿನ ಚಂದ್ರಾ ಲೇಔಟಿಗೆ ಹೋಗಿ ಅಳಿಯನ ಆರೋಗ್ಯದ ಉಸ್ತುವಾರಿ ವಹಿಸಿದೆ. ತೀರ ಬಿಸಿನೀರಿನ ಸ್ನಾನ ಬೇಡವೆಂದೆ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಂದ ಎತ್ತಿ ಮೇಜಿನ ಮೇಲಿಟ್ಟೆ. ಕಾರ್ತಿಕ ಮುಗಿಯುತ್ತ ಬಂದಾಗ ನನಗೆ ನೆಗಡಿಯಾಯಿತು. ಮೈ ಸ್ವಲ್ಪ ಬೆಚ್ಚಗಿತ್ತು. "ಇವತ್ತು ಹೋಗ್ಬೇಡಿ" ಎಂದಳು ಗಿರಿಜೆ. ನೆಗಡಿಗೆ ಹೆದರಿ ಕ್ಷೇತ್ರಕಾರ್ಯ ನಿಲ್ಲಿಸಿದವನಲ್ಲ ನಾನು. ಹೋಗಿ, ಅಳಿಯನ ಪಕ್ಕದಲ್ಲೇ ಸೋಫಾದ ಮೇಲೆ ಕುಳಿತು, ವೀರ್ಯಾಣುಗಳ ಮೇಲೆ ಜ್ವರದ ಪರಿಣಾಮವೇನೆಂಬ ಲೇಖನವನ್ನು ಕೆಮ್ಮುತ್ತ ಕೆಮ್ಮುತ್ತ ಆದ್ಯಂತವಾಗಿ ಓದಿಹೇಳಿದೆ.

ಆ ವಾರವೇ ನಂದೀಶ ಮಲಗಿದ. ಮೈ ಕೆಂಡದಂತೆ ಸುಡುತ್ತಿತ್ತಂತೆ. ಕೊರೊನಾವೋ ಮತ್ತೇನೋ, ಯಾರೂ ಪರೀಕ್ಷಿಸಲಿಲ್ಲ. "ಹವೆ ಬದಲಾವಣೆ" ಎಂದು ನಾನು ಫೋನಿನಲ್ಲಿ ತೀರ್ಪು ಕೊಟ್ಟೆ.

ಅವನು ಚೇತರಿಸಿಕೊಂಡ ಮೇಲೆ, ಮೊದಲೇ ಗೊತ್ತುಮಾಡಿಕೊಂಡಿದ್ದ ದಿನ, ಗಂಡಹೆಂಡಿರು ರಾಜಾಜಿನಗರದ ಆ ಕೇಂದ್ರಕ್ಕೆ ಹೊರಟರು. ನಾನೂ ಹೊರಟೆ. ನನ್ನನ್ನು ಯಾರೂ ಕರೆದಿರಲಿಲ್ಲ. ಕೌಂಟರಿನ ಹುಡುಗಿ ನನ್ನನ್ನು ಕಂಡೊಡನೆ ಗುರುತು ಹಿಡಿದಳು.

"ಮತ್ತೆ ಬಂದ್ರಾ ಸಾರ್! ಅವತ್ತು ಸ್ಯಾಂಪಲ್ ಕೊಡ್ದೇ ಹೋಗ್ಬಿಟ್ರಲ್ಲ!"

ಕುಳಿತಿದ್ದ ಜೋಡಿಗಳೆಲ್ಲ ತಿರುಗಿ ನೋಡಿದರು. ಆ ಪೈಪು ಇನ್ನೂ ಸೋರುತ್ತಿದ್ದುದರಿಂದ, ಪ್ಲಂಬರನೊಡನೆ ಮೂಲೆಯಲ್ಲಿ ನಿಂತಿದ್ದ ಚಿಕ್ಕಣ್ಣನವರೂ ತಿರುಗಿದರು. ನಾನು ಎಂದಿನಂತೆ ಅವಮಾನವನ್ನು ಸ್ವೀಕರಿಸಲು ಗಂಟಲು ಸರಿಪಡಿಸಿಕೊಂಡೆ.

"ಅವರದಲ್ಲ ಮೇಡಂ, ನಂದು" ಎಂದ ನಂದೀಶ. ಗರಗಸದ ಸದ್ದಿನ ಆಚೆಗೂ ಕೇಳುವಂಥ ಅಂಗಡಿಯ ದನಿ ಅದು. "ಅವತ್ತು ಅವರು ಬಂದಿದ್ದೂ ನನಗೋಸ್ಕರಾನೇ. ಬರ್ಕೊಳ್ಳಿ. ನಂದೀಶ."

ಶೈಲಾ ಅವನ ಮುಂಗೈಯನ್ನು ಹಿಡಿದುಕೊಂಡಳು. ಎಲ್ಲರೆದುರಿಗೇ ಹಿಡಿದುಕೊಂಡಳು. ನಾನು ಗೋಡೆಯ ಮೇಲಿದ್ದ ಮಗುವಿನ ಚಿತ್ರವನ್ನು ನೋಡುತ್ತ ನಿಂತೆ. ಕಣ್ಣಿಗೆ ಅದು ಸರಿಯಾಗಿ ಕಾಣುತ್ತಿರಲಿಲ್ಲ.

ಚಿಕ್ಕಣ್ಣನವರು ಹತ್ತಿರ ಬಂದರು. "ಅಯ್ಯೋ, ಇಷ್ಟೇನಾ? ನಮ್ಮ ಎರಡನೇ ಮಗನಿಗೂ ಇಲ್ಲೇ ತೋರ್ಸಿದ್ದು ನಂದೀಶಣ್ಣ. ಈಗ ಅವನ ಮಗಳು ಬಾಲವಾಡಿಗೆ ಹೋಗ್ತಾಳೆ. ನನ್ನ ಕೇಳಿದ್ರೆ ನಾನೇ ಕರ್ಕೊಂಡು ಬರ್ತಿದ್ನಲ್ಲ!"

ನಾನೂ ಗಿರಿಜೆಯೂ ಇಷ್ಟು ಕಾಲ ಮಾನ ತೆತ್ತು ಕಾಪಾಡಿದ್ದ ಗುಟ್ಟಿಗೆ ಪೇಟೆಯಲ್ಲಿ ಬೆಲೆಯೇ ಇರಲಿಲ್ಲ!

ವೈದ್ಯೆಯ ಕೋಣೆಗೆ ಮೂವರೂ ಹೋದೆವು. ನನ್ನನ್ನೂ ನಂದೀಶನನ್ನೂ ಒಮ್ಮೆ ನೋಡಿ ಅವರು ಎಲ್ಲವನ್ನೂ ಅರ್ಥಮಾಡಿಕೊಂಡು ತುಟಿ ಬಿಗಿಹಿಡಿದರು. ಆಮೇಲೆ ನಂದೀಶನನ್ನು ಕೇಳಿದರು:

"ಈ ಮೂರು ತಿಂಗಳಲ್ಲಿ ಜ್ವರ ಏನಾದ್ರೂ ಬಂದಿತ್ತಾ?"

ಅಳಿಯ ಸಜ್ಜನ. "ಸ್ವಲ್ಪ ಬಂದಿತ್ತು" ಎಂದ.

"ಯಾವಾಗ?"

ಆ ಕೋಣೆಯಲ್ಲಿ ಆ ತಾರೀಖನ್ನು ನನಗಿಂತ ಖಚಿತವಾಗಿ ಬಲ್ಲವರು ಯಾರೂ ಇರಲಿಲ್ಲ. ಯಾರೂ ಕೇಳದಿದ್ದರೂ ತಾರೀಖು ಹೇಳುವ ನಾನು, ಆ ಹೊತ್ತಿನಲ್ಲಿ ಚಾವಣಿಯನ್ನು ಪರಿಶೀಲಿಸುತ್ತಿದ್ದೆ.

"ಅಪ್ಪ ಬಂದು ನಮಗೆ ಜ್ವರದ ಪಾಠ ಓದಿದ ವಾರ" ಎಂದಳು ಶೈಲಾ. "ಕೆಮ್ಮುತ್ತಾ."

ವೈದ್ಯೆ ಪೆನ್ನನ್ನು ಕೆಳಗಿಟ್ಟರು. "ಬಂದಿದೀರಲ್ಲ, ಸ್ಯಾಂಪಲ್ ಕೊಟ್ಟು ಹೋಗಿ. ಆದ್ರೆ ಇದನ್ನೂ ನಾನು ಪೂರ್ತಿ ನಂಬಲ್ಲ. ಬೇರೆ ಕಾರಣ ಇದೆಯಾ ಅಂತಾನೂ ನೋಡ್ತೀನಿ. ಮತ್ತೆ ಮೂರು ತಿಂಗಳು ಬಿಟ್ಟು ಬರ್ಬೇಕು."

ನಾನು ಕೊನೆಯ ಪ್ರಯತ್ನ ಮಾಡಿದೆ. "ಏನೇ ಆದರೂ ಮೊದಲಿನದಕ್ಕೆ ಕಾರಣ ಕೊರೊನಾ ಎಂಬುದು ಸಿದ್ಧವಾದಂತೆಯೇ ಅಲ್ಲವೆ?"

"ಸಾರ್, ಅದಾದ್ಮೇಲೆ ಇದಾಯ್ತು ಅಂದ್ರೆ, ಅದರಿಂದಾನೇ ಇದಾಯ್ತು ಅಂತಲ್ಲ. ಇರಬಹುದು. ಇಲ್ದೇನೂ ಇರಬಹುದು."

ಇದೇ ಮಾತನ್ನು ನಾನು ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಬೋಧಿಸಿದ್ದೇನೆ.

ಇಷ್ಟು ಕಾಲ ಕಾದದ್ದು ವ್ಯರ್ಥವಾಯಿತೆಂದು ನಂದೀಶ ಮತ್ತೆ ಕುಸಿಯುವನೆಂದು ನನಗೆ ಅಳುಕಿತ್ತು. ಅವನು ಶೈಲಾಳ ಕಡೆ ತಿರುಗಿದ. "ಅಂಗಡಿ ಒಂದಿನ ಮುಚ್ಚಿದ್ರಾಯ್ತು. ಇಬ್ರೂ ಬರೋಣ" ಎಂದ. ಸಂಜೆಗೆ ಬಂದ ವರದಿಯಲ್ಲಿ ಎಣಿಕೆ ಮೊದಲಿಗಿಂತ ತುಸು ಮೇಲೇರಿತ್ತು. ಸಾಕೆನ್ನುವಷ್ಟಲ್ಲ. ಶೈಲಾ ಫೋನು ಮಾಡಿ ತಾಯಿಗೆ ಹೇಳಿದಳು. ಬೇರೆ ದಾರಿಯ ಮಾತು ಅದರಲ್ಲಿರಲಿಲ್ಲ. ಕೊನೆಗೆ, "ಅಪ್ಪನಿಗೆ ಹೇಳು, ಮುಂದಿನ ಟೆಸ್ಟ್ ಆಗೋವರೆಗೂ ನಮ್ಮನೆ ಕಡೆ ಬರೋದು ಬೇಡ" ಎಂದಳು.

ಈ ಬಹಿಷ್ಕಾರ ಈಗಲೂ ಜಾರಿಯಲ್ಲಿದೆ. ಆದರೂ ಹೋದ ಭಾನುವಾರ ಗಿರಿಜೆ ಕಟ್ಟಿದ ಅಂಟಿನುಂಡೆ ತಲುಪಿಸುವ ನೆಪದಲ್ಲಿ ಚಂದ್ರಾ ಲೇಔಟಿಗೆ ಹೋಗಿ, ಮಾಸ್ಕ್ ಧರಿಸಿ, ಗೇಟಿನ ಹೊರಗೇ ನಿಂತೆ. ನಂದೀಶ ಅಂಗಳಕ್ಕೆ ಬಂದ. ಮುಖ ಗೆಲುವಾಗಿತ್ತು.

"ಚೆನ್ನಾಗಿದೀರಾ ಮಾವ? ಒಳಗೆ ಬನ್ನಿ, ಶೈಲಂಗೆ ನಾನ್ ಹೇಳ್ತೀನಿ."

"ಸಂಪೂರ್ಣ ಆರೋಗ್ಯವಾಗಿದ್ದೇನೆ" ಎಂದೆ. ಎಂದು ಮುಗಿಸುವುದರೊಳಗೆ ಸೀನು ಬಂತು. ಒಂದಲ್ಲ, ಎರಡು!

ಶೈಲಾ ಒಳಗಿನಿಂದ ಓಡಿಬಂದು, ಗಂಡನನ್ನು ಹಿಂದಕ್ಕೆಳೆದು, ಗೇಟಿನ ಚಿಲಕ ಹಾಕಿದಳು.

ಅದು ರಸ್ತೆಯ ಧೂಳಿನಿಂದ ಬಂದ ಸೀನೆಂದು ಸಾಧಿಸಲು ನನ್ನ ಬಳಿ ಬೇಕಾದಷ್ಟು ಆಧಾರಗಳಿದ್ದವು. ಕೇಳುವವರು ಮಾತ್ರ ಬಾಗಿಲು ಹಾಕಿಕೊಂಡಿದ್ದರು.